ಕೋಬಾಲ್ಟ್ ಜೊತೆ ನಿಕ್ಕಲ್ ಕೂಡ ಬರುತ್ತಿದೆ: ಸಾಲ್ವೆಂಟ್ ಎಕ್ಸ್‌ಟ್ರ್ಯಾಕ್ಷನ್ ಗೊತ್ತಿರುವವರು ಸ್ವಲ್ಪ ಹೇಳಿ

ಕಪ್ಪುಪುಡಿ:

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಹೊರವಲಯದಲ್ಲಿ ಹಳೇ ಲಿಥಿಯಂ ಬ್ಯಾಟರಿ ರೀಸೈಕಲ್ ಮಾಡುವ ಒಂದು ಚಿಕ್ಕ ಘಟಕದ ಲ್ಯಾಬ್‌ನಲ್ಲಿದ್ದೇನೆ. ಸಾಲ್ವೆಂಟ್ ಎಕ್ಸ್‌ಟ್ರ್ಯಾಕ್ಷನ್ (ಎಸ್‌ಎಕ್ಸ್, ಅಂದರೆ ನೀರಿನಲ್ಲಿ ಕರಗಿದ ಲೋಹವನ್ನು ರೀಏಜೆಂಟ್ ಬೆರೆಸಿದ ಎಣ್ಣೆಗೆ ಎಳೆಯುವುದು) ಬಳಸಿ ಕೋಬಾಲ್ಟ್ ಮತ್ತು ನಿಕ್ಕಲ್ ಬೇರೆ ಮಾಡುವ ಹಂತದಲ್ಲಿ ಸಿಕ್ಕಿಹಾಕಿಕೊಂಡಿದ್ದೇವೆ. ಪೇಪರ್‌ಗಳಲ್ಲಿ ಎಲ್ಲರಿಗೂ 99 ಪರ್ಸೆಂಟ್ ಬಂದಿರುತ್ತದೆ, ನಮಗೆ ಮಾತ್ರ ಬರುವುದಿಲ್ಲ.

ಇಲ್ಲಿಯವರೆಗೆ ಆದದ್ದು ಹೀಗೆ. ಎನ್‌ಎಂಸಿ ಬ್ಯಾಟರಿಯ ಬ್ಲ್ಯಾಕ್ ಮಾಸ್ (ಬ್ಯಾಟರಿ ಪುಡಿ ಮಾಡಿದಾಗ ಸಿಗುವ ಕಪ್ಪು ಪುಡಿ) ಅನ್ನು ಸಲ್ಫ್ಯೂರಿಕ್ ಆಸಿಡ್ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಹಾಕಿ ಕರಗಿಸಿದೆವು. ತಾಮ್ರ ತೆಗೆದಾಯಿತು. ಪಿಎಚ್ ಏರಿಸಿ ಕಬ್ಬಿಣ, ಅಲ್ಯೂಮಿನಿಯಂ ಎರಡನ್ನೂ ತಳಕ್ಕೆ ಕೂರಿಸಿ ಸೋಸಿದೆವು. ಮ್ಯಾಂಗನೀಸನ್ನು ಡಿ2ಇಎಚ್‌ಪಿಎ ಅನ್ನುವ ರೀಏಜೆಂಟ್ ಎಳೆದುಕೊಂಡಿತು. ಈಗ ಕೈಯಲ್ಲಿರುವ ದ್ರಾವಣದಲ್ಲಿ ಲೀಟರಿಗೆ 18 ಗ್ರಾಂ ನಿಕ್ಕಲ್, 6 ಗ್ರಾಂ ಕೋಬಾಲ್ಟ್, 3 ಗ್ರಾಂಗಿಂತ ಸ್ವಲ್ಪ ಜಾಸ್ತಿ ಲಿಥಿಯಂ ಇದೆ. ಪಿಎಚ್ 5.5.

ಇದನ್ನು ಸೀಮೆಎಣ್ಣೆಯಲ್ಲಿ ಕಲಸಿದ ಪಿಸಿ-88ಎ ಅನ್ನುವ ಇನ್ನೊಂದು ರೀಏಜೆಂಟ್ ಜೊತೆ ಕುಲುಕುತ್ತಿದ್ದೇವೆ. 0.5 ಮೋಲಾರ್, ಎಣ್ಣೆ ಒಂದು ಪಾಲು, ನೀರು ಒಂದು ಪಾಲು, ಸೆಪರೇಟಿಂಗ್ ಫನಲ್‌ನಲ್ಲಿ. ಕೆಳಗಿನ ನೀರಿನ ಪಿಎಚ್ ಸೀದಾ 3ಕ್ಕೆ ಇಳಿಯುತ್ತದೆ, ಕೋಬಾಲ್ಟ್ ಐದಾರು ಪರ್ಸೆಂಟ್ ಹೋದರೆ ಹೆಚ್ಚು. ಪಿಎಚ್ ಏರಿಸೋಣ ಅಂತ ಫನಲ್‌ಗೇ ಕಾಸ್ಟಿಕ್ ಸೋಡಾ ಹನಿಸಿದರೆ ಎರಡು ಪದರಗಳ ಮಧ್ಯೆ ಹಸಿರು ಲೋಳೆ ಕಟ್ಟಿಕೊಳ್ಳುತ್ತದೆ, ಮಾರನೇ ದಿನದವರೆಗೂ ಬಿಡುವುದಿಲ್ಲ. ಎಣ್ಣೆಗೆ ಮೊದಲೇ ಕಾಸ್ಟಿಕ್ ಹಾಕಿ ನೋಡಿದರೆ ಕೋಬಾಲ್ಟ್ ಚೆನ್ನಾಗಿ ಏರುತ್ತದೆ, ಆದರೆ ಎರಡರ ಬದಲು ಮೂರು ಪದರ. ಆಮೇಲೆ ಸ್ಟ್ರಿಪ್ ಮಾಡಿ (ಎಣ್ಣೆಯಲ್ಲಿರುವ ಲೋಹವನ್ನು ಆಸಿಡ್‌ನಿಂದ ಮತ್ತೆ ನೀರಿಗೆ ಇಳಿಸಿ) ತೆಗೆದ ಕೋಬಾಲ್ಟ್ ಸಲ್ಫೇಟ್‌ನಲ್ಲಿ ಕೋಬಾಲ್ಟಿನ ಹತ್ತನೇ ಒಂದು ಭಾಗದಷ್ಟು ನಿಕ್ಕಲ್ ಇದೆ. ಇದನ್ನು ಯಾರೂ ಕೊಳ್ಳುವುದಿಲ್ಲ.

ಮೇಲಿನವರು ಒಬ್ಬರು ಕುಲುಕುವ ಟೈಮ್ ಜಾಸ್ತಿ ಮಾಡಿ ಅನ್ನುತ್ತಾರೆ. ಇನ್ನೊಬ್ಬರು ಸೈನೆಕ್ಸ್ 272 ಅನ್ನುವ ಬೇರೆ ರೀಏಜೆಂಟ್ ತರಿಸಿ, ಎಲ್ಲಾ ಸರಿಹೋಗುತ್ತದೆ ಅನ್ನುತ್ತಾರೆ. ಅದರ ಬೆಲೆ ಕೇಳಿ ನಾನು ಸುಮ್ಮನಾದೆ. ಪಕ್ಕಪಕ್ಕದ ಮನೆಯ, ಒಂದೇ ಥರ ನಡೆದುಕೊಳ್ಳುವ ಈ ಎರಡು ಲೋಹಗಳನ್ನು ನಿಜವಾಗಿ ಹೇಗೆ ಬೇರೆ ಮಾಡುತ್ತಾರೆ? ಥಿಯರಿ, ಪ್ರಾಕ್ಟಿಕಲ್ ಎರಡೂ ಬೇಕು.

ಮೋಲಾರಿಟಿ ಮೇಡಂ:

ಮೊದಲು ಪಿಎಚ್ ಯಾಕೆ ಬೀಳುತ್ತದೆ ಅನ್ನುವ ಲೆಕ್ಕ ಹಾಕೋಣ. ನಿಮ್ಮ ತೊಂದರೆಯ ಮುಕ್ಕಾಲು ಪಾಲು ಅಲ್ಲೇ ಇದೆ.

ಪಿಸಿ-88ಎ ಅಂದರೆ ಒಂದು ಆಸಿಡ್. ಅದು ಲೋಹವನ್ನು ಸುಮ್ನೆ ತೆಗೆದುಕೊಳ್ಳುವುದಿಲ್ಲ, ಬದಲಿಗೆ ತನ್ನ ಹೈಡ್ರೋಜನ್ ಅಯಾನು ಕೊಡುತ್ತದೆ. ಒಂದು ಕೋಬಾಲ್ಟ್ ಒಳಗೆ ಹೋದರೆ ಎರಡು ಹೈಡ್ರೋಜನ್ ಅಯಾನು ನೀರಿಗೆ ಬರುತ್ತದೆ. ಲೀಟರಿಗೆ 6 ಗ್ರಾಂ ಕೋಬಾಲ್ಟ್ ಅಂದರೆ ಸುಮಾರು 0.1 ಮೋಲ್. ಅದೆಲ್ಲ ಎಣ್ಣೆಗೆ ಹೋಗಬೇಕಾದರೆ 0.2 ಮೋಲ್ ಆಸಿಡ್ ನೀರಿಗೆ ಬಂದು ಬೀಳಬೇಕು. ಅಷ್ಟು ಆಸಿಡ್ ಇರುವ ನೀರಿನಲ್ಲಿ ಪಿಸಿ-88ಎ ಕೋಬಾಲ್ಟನ್ನು ಹಿಡಿಯುವುದಿರಲಿ, ಹಿಡಿದಿದ್ದನ್ನೂ ಬಿಟ್ಟುಬಿಡುತ್ತದೆ. ಸ್ಟ್ರಿಪ್ಪಿಂಗ್ ಅಂತ ಮಾಡುವುದು ಅದನ್ನೇ ಅಲ್ವಾ? ಹಾಗಾಗಿ ಐದಾರು ಪರ್ಸೆಂಟ್ ಹೋಗುವಷ್ಟರಲ್ಲಿ ಪಿಎಚ್ 3ಕ್ಕೆ ಇಳಿದು ರಿಯಾಕ್ಷನ್ ತಾನಾಗಿ ನಿಂತಿದೆ. ಇನ್ನೂ ಒಂದು ಗಂಟೆ ಕುಲುಕಿದರೂ ಅಷ್ಟೇ. ಕೋಬಾಲ್ಟ್ ಕೆಲವೇ ನಿಮಿಷದಲ್ಲಿ ಸಮತೋಲನಕ್ಕೆ ಬರುತ್ತದೆ. ನಿಕ್ಕಲ್ ತನ್ನ ಸುತ್ತ ಕಟ್ಟಿಕೊಂಡ ನೀರಿನ ಅಣುಗಳನ್ನು ಬಿಟ್ಟುಕೊಡುವುದು ಕೋಬಾಲ್ಟಿಗಿಂತ ನೂರು ಪಟ್ಟು ನಿಧಾನ, ಆದ್ದರಿಂದ ಟೈಮ್ ಜಾಸ್ತಿ ಕೊಟ್ಟರೆ ಲಾಭ ಆಗುವುದಿದ್ದರೆ ಅದು ನಿಮಗೆ ಬೇಡವಾದ ನಿಕ್ಕಲ್‌ಗೆ.

ಫನಲ್‌ಗೆ ಕಾಸ್ಟಿಕ್ ಹನಿಸಿದಾಗ ಬಂದ ಹಸಿರು ಲೋಳೆ ನಿಕ್ಕಲ್ ಹೈಡ್ರಾಕ್ಸೈಡ್. ಲೀಟರಿಗೆ 18 ಗ್ರಾಂ ನಿಕ್ಕಲ್ ಇರುವಾಗ ಪಿಎಚ್ 6.5 ದಾಟಿದ ಕಡೆಯಲ್ಲೆಲ್ಲ ಅದು ಕಟ್ಟಲು ಶುರುವಾಗುತ್ತದೆ. ಪೂರ್ತಿ ದ್ರಾವಣದ ಪಿಎಚ್ 4 ಇದ್ದರೂ ಹನಿ ಬಿದ್ದ ಜಾಗದಲ್ಲಿ ಒಂದು ಕ್ಷಣ 12 ಇರುತ್ತದೆ. ಕೋಬಾಲ್ಟ್ ಹೈಡ್ರಾಕ್ಸೈಡ್ ಕೂಡ ಹೆಚ್ಚುಕಡಿಮೆ 7ರ ಹತ್ತಿರವೇ ಕೂರುತ್ತದೆ. ಸುಮ್ನೆ ಪಿಎಚ್ ಏರಿಸಿ ಇವೆರಡನ್ನು ಬೇರೆ ಮಾಡಲಾಗದೆ ಇರುವುದೂ ಇದರಿಂದಲೇ.

ಎಣ್ಣೆಗೆ ಮೊದಲೇ ಕಾಸ್ಟಿಕ್ ಹಾಕಿದಿರಲ್ಲ, ಅದೇ ಸರಿಯಾದ ದಾರಿ. ಸಪಾನಿಫಿಕೇಶನ್ ಅನ್ನುತ್ತಾರೆ. ಎಷ್ಟು ಹಾಕಬೇಕು ಅನ್ನುವುದು ಮಾತ್ರ ಲೆಕ್ಕದಿಂದ ಬರಬೇಕು. ನಿಮಗೆ ಬೇಕಾದದ್ದು ಲೀಟರ್ ಎಣ್ಣೆಗೆ 0.2 ಮೋಲ್. ಎಣ್ಣೆ 0.5 ಮೋಲಾರ್. ಅಂದರೆ 40 ಪರ್ಸೆಂಟ್. ತೂಕದಲ್ಲಿ 8 ಗ್ರಾಂ ಕಾಸ್ಟಿಕ್ ಸೋಡಾ, 10 ಮೋಲಾರ್ ದ್ರಾವಣವಾದರೆ 20 ಎಂಎಲ್. ತೆಳು ಕಾಸ್ಟಿಕ್ ಹಾಕಬೇಡಿ, ನೀರು ಜಾಸ್ತಿಯಾಗಿ ರಂಪ ಆಗುತ್ತದೆ. 60 ಪರ್ಸೆಂಟ್ ಹಾಕಿದರೆ ಹೇಗೆ ಅಂತ ಆಸೆ ಬರುತ್ತದೆ, ಆ ಹೆಚ್ಚಿನ 20 ಪರ್ಸೆಂಟ್ ಜಾಗಕ್ಕೆ ಬಂದು ಕೂರುವುದು ನಿಕ್ಕಲ್. ನಿಮ್ಮ ಕೋಬಾಲ್ಟ್ ಸಲ್ಫೇಟ್‌ನಲ್ಲಿರುವ ನಿಕ್ಕಲ್‌ನಲ್ಲಿ ಒಂದು ಪಾಲು ಹೀಗೇ ಬಂದಿರಬೇಕು. ನೀವು ಎಷ್ಟು ಪರ್ಸೆಂಟ್ ಹಾಕಿದಿರಿ ಅಂತ ಬರೆದಿಲ್ಲ.

ಹಳೇ ಮಿಕ್ಸರ್:

ಮೇಡಂ ಲೆಕ್ಕ ಸರಿಯಾಗಿದೆ. ನಾನು ಪ್ಲಾಂಟ್ ಕಡೆಯವನು, ಮೂರನೇ ಪದರದ ಬಗ್ಗೆ ಹೇಳುತ್ತೇನೆ.

ಎರಡು ಬೇರೆ ಬೇರೆ ರೋಗಗಳನ್ನು ಜನ ಒಂದೇ ಅಂದುಕೊಳ್ಳುತ್ತಾರೆ. ಒಂದು ಥರ್ಡ್ ಫೇಸ್. ಪಿಸಿ-88ಎಯ ಸೋಡಿಯಂ ಉಪ್ಪು ಸೀಮೆಎಣ್ಣೆಯಲ್ಲಿ ಸರಿಯಾಗಿ ಕರಗುವುದಿಲ್ಲ, ಎಣ್ಣೆಯಿಂದ ಹೊರಗೆ ಬಂದು ಮಧ್ಯೆ ದಪ್ಪಗೆ, ಜೇನಿನ ಥರ ನಿಲ್ಲುತ್ತದೆ. ನೋಡಲು ತಿಳಿಯಾಗಿರುತ್ತದೆ, ಕಣ ಇರುವುದಿಲ್ಲ. ಇನ್ನೊಂದು ಕ್ರಡ್. ಅದು ಸೋಸದೆ ಉಳಿದ ಗ್ರ್ಯಾಫೈಟ್ ಪುಡಿ, ಸಿಲಿಕಾ, ಹೈಡ್ರಾಕ್ಸೈಡ್ ಎಲ್ಲ ಸೇರಿ ಎಣ್ಣೆ-ನೀರಿನ ಮಧ್ಯೆ ಕೆನೆಗಟ್ಟಿದ ಕೊಳೆ. ಯಾವುದು ಅಂತ ಗೊತ್ತು ಮಾಡಲು ಆ ಪದರವನ್ನು ಪಿಪೆಟ್‌ನಲ್ಲಿ ಎಳೆದು ಟೆಸ್ಟ್ ಟ್ಯೂಬ್‌ಗೆ ಹಾಕಿ, ಸ್ವಲ್ಪ ಅದೇ ಎಣ್ಣೆ ಸೇರಿಸಿ, ನಾಲ್ಕು ಹನಿ ಟಿಬಿಪಿ (ಟ್ರೈಬ್ಯುಟೈಲ್ ಫಾಸ್ಫೇಟ್) ಬಿಟ್ಟು ಅಲ್ಲಾಡಿಸಿ. ಕರಗಿ ಮಾಯವಾದರೆ ಥರ್ಡ್ ಫೇಸ್. ಹಾಗೇ ನಿಂತರೆ ಕ್ರಡ್, ಫಿಲ್ಟರ್ ಪೇಪರ್ ಮೇಲೆ ಸುರಿದರೆ ಕಪ್ಪೋ ಹಸಿರೋ ಏನೋ ಒಂದು ಉಳಿಯುತ್ತದೆ.

ಥರ್ಡ್ ಫೇಸ್‌ಗೆ ಮದ್ದು ಸುಲಭ. ಎಣ್ಣೆಯಲ್ಲಿ 5 ಪರ್ಸೆಂಟ್ ಟಿಬಿಪಿ ಇರಲಿ. ಐಸೋಡೆಕನಾಲ್ ಹಾಕುವವರೂ ಇದ್ದಾರೆ, ನನಗೆ ಟಿಬಿಪಿಯೇ ಇಷ್ಟ. ಕ್ರಡ್‌ಗೆ ಮಾತ್ರ ಮದ್ದಿಲ್ಲ, ಫಿಲ್ಟರ್ ಒಂದೇ. ಬ್ಲ್ಯಾಕ್ ಮಾಸ್ ದ್ರಾವಣವನ್ನು ಬಟ್ಟೆ ಫಿಲ್ಟರ್‌ನಲ್ಲಿ ಸೋಸಿ ಬಿಟ್ಟರೆ ಗ್ರ್ಯಾಫೈಟ್‌ನ ಸಣ್ಣ ಪುಡಿ ಬಂದೇ ಬರುತ್ತದೆ. ಎಸ್‌ಎಕ್ಸ್‌ಗೆ ಕೊಡುವ ಮುಂಚೆ ಇನ್ನೊಂದು ಸಲ ನಯವಾದ ಫಿಲ್ಟರ್‌ನಲ್ಲಿ ಸೋಸಿ.

ಪಿಎಚ್ ಅಳೆಯುವುದರಲ್ಲೂ ಒಂದು ವಿಷಯ. ಒಳಗೆ ಹೋಗುವ ದ್ರಾವಣದ ಪಿಎಚ್ 5.5 ಅಂತ ಬರೆದಿದ್ದೀರಿ, ಅದರಿಂದ ಜಾಸ್ತಿ ಉಪಯೋಗ ಇಲ್ಲ. ಕುಲುಕಿ, ಪದರ ಬೇರೆಯಾದ ಮೇಲೆ ಕೆಳಗಿನ ನೀರನ್ನು ಸ್ಟಾಪ್‌ಕಾಕ್‌ನಿಂದ ತೆಗೆದು ಅದರ ಪಿಎಚ್ ನೋಡಬೇಕು. ಪಿಸಿ-88ಎ ಆದರೆ ಅದು 4.5ರಿಂದ 5ರ ನಡುವೆ ನಿಲ್ಲುವ ಹಾಗೆ ಕಾಸ್ಟಿಕ್ ಹೊಂದಿಸಿ. ಎಲೆಕ್ಟ್ರೋಡ್‌ಗೆ ಎಣ್ಣೆ ಮೆತ್ತಿಕೊಂಡರೆ ಅದು ಬಾಯಿಗೆ ಬಂದದ್ದು ಹೇಳುತ್ತದೆ, ಪ್ರತಿ ಸಲ ಸ್ಪಿರಿಟ್‌ನಲ್ಲಿ ಒರೆಸಿ, ನೀರಿನಲ್ಲಿ ತೊಳೆದು ಇಡಿ.

ಬಣ್ಣವನ್ನೂ ನೋಡುತ್ತಿರಿ, ಈ ಕೆಲಸದಲ್ಲಿ ಅದರಷ್ಟು ಬೇಗ ಸುಳಿವು ಕೊಡುವುದು ಇನ್ನೊಂದಿಲ್ಲ. ನಿಮ್ಮ ದ್ರಾವಣ ಈಗ ಗುಲಾಬಿ ಮತ್ತು ಹಸಿರು ಕಲೆತು ಮಂಕಾಗಿ, ಹೆಸರಿಲ್ಲದ ಬಣ್ಣದಲ್ಲಿ ಇರುತ್ತದೆ. ಎಕ್ಸ್‌ಟ್ರ್ಯಾಕ್ಷನ್ ಸರಿಯಾಗಿ ಆದರೆ ಮೇಲಿನ ಎಣ್ಣೆ ಕಡು ನೀಲಿ ಆಗುತ್ತದೆ, ಕೆಳಗಿನ ನೀರು ತಿಳಿ ಹಸಿರು. ನೀಲಿಯಲ್ಲಿ ಹಸಿರು ಛಾಯೆ ಕಂಡರೆ ನಿಕ್ಕಲ್ ಹತ್ತಿದೆ ಅಂತ. ಆ ನೀಲಿ ಎಣ್ಣೆಯನ್ನು ತೆಳು ಸಲ್ಫ್ಯೂರಿಕ್ ಆಸಿಡ್ ಜೊತೆ ಕುಲುಕಿದರೆ ಎಣ್ಣೆ ಬಣ್ಣ ಕಳೆದುಕೊಂಡು, ಕೆಳಗೆ ಗುಲಾಬಿ ನೀರು ಇಳಿಯುತ್ತದೆ.

ಮೋಲಾರಿಟಿ ಮೇಡಂ:

ಆ ನೀಲಿ ಬಣ್ಣದಲ್ಲೇ ಥಿಯರಿ ಪೂರ್ತಿ ಇದೆ, ಕೇಳಿದ್ದೀರಿ ಅಂತ ಬರೆಯುತ್ತೇನೆ.

ನೀರಿನಲ್ಲಿ ಎರಡೂ ಒಂದೇ ಥರ. ಎರಡರ ಸುತ್ತಲೂ ಆರು ನೀರಿನ ಅಣು, ಎಂಟು ಮುಖದ ಆಕಾರ. ಕೋಬಾಲ್ಟ್ ಗುಲಾಬಿ, ನಿಕ್ಕಲ್ ಹಸಿರು. ಎಣ್ಣೆಗೆ ಹೋದಾಗ ಕೋಬಾಲ್ಟ್ ಆ ಆರನ್ನು ಬಿಟ್ಟು, ನಾಲ್ಕು ಆಕ್ಸಿಜನ್ ಮಾತ್ರ ಹಿಡಿದುಕೊಂಡು ನಾಲ್ಕು ಮುಖದ ಆಕಾರಕ್ಕೆ ಬರುತ್ತದೆ. ಆಗಲೇ ನೀಲಿ. ನಿಕ್ಕಲ್ ಹಾಗೆ ಬಗ್ಗುವುದಿಲ್ಲ. ಅದರ ಎಲೆಕ್ಟ್ರಾನ್ ಜೋಡಣೆಗೆ ಆರರ ಆಕಾರದಲ್ಲೇ ಲಾಭ ಜಾಸ್ತಿ, ಎಣ್ಣೆಯಲ್ಲೂ ಅದಕ್ಕೆ ಆರು ಬೇಕು. ಈಗ ಹಿಡಿಯುವ ಅಣುವಿನ ಮೈ ದಪ್ಪ ಮಾಡಿದರೆ ಏನಾಗುತ್ತದೆ? ನಾಲ್ಕು ಕೈಗೆ ಜಾಗ ಸಾಕು, ಆರಕ್ಕೆ ಸಾಲದು. ನಿಕ್ಕಲ್ ಹೊರಗೆ ಉಳಿಯುತ್ತದೆ.

ಮೂರು ರೀಏಜೆಂಟ್‌ಗಳ ಕಥೆ ಇದೇ. ಡಿ2ಇಎಚ್‌ಪಿಎಯಲ್ಲಿ ಎರಡು ಕೊಂಬೆಗಳೂ ರಂಜಕಕ್ಕೆ ಆಕ್ಸಿಜನ್ ಮೂಲಕ ಅಂಟಿರುತ್ತವೆ, ಸಡಿಲ. ಪಿಸಿ-88ಎಯಲ್ಲಿ ಒಂದು ಕೊಂಬೆ ನೇರ ಅಂಟಿದೆ. ಸೈನೆಕ್ಸ್ 272ರಲ್ಲಿ ಎರಡೂ ನೇರ, ಜೊತೆಗೆ ಕೊಂಬೆಗಳು ತಾವೇ ಕವಲೊಡೆದು ಗುಜ್ಜಾಗಿವೆ. ಕೋಬಾಲ್ಟ್-ನಿಕ್ಕಲ್ ಸೆಪರೇಶನ್ ಫ್ಯಾಕ್ಟರ್ (ಎಣ್ಣೆ-ನೀರಿನ ಹಂಚಿಕೆಯಲ್ಲಿ ಕೋಬಾಲ್ಟ್ ನಿಕ್ಕಲ್‌ಗಿಂತ ಎಷ್ಟು ಪಟ್ಟು ಎಣ್ಣೆ ಕಡೆಗೆ ಅನ್ನುವ ಅಂಕಿ) ಪಿಎಚ್ 4ರಲ್ಲಿ ಸಾಮಾನ್ಯವಾಗಿ ಎಲ್ಲರೂ ಕೊಡುವ ಅಂಕಿ: ಡಿ2ಇಎಚ್‌ಪಿಎಗೆ 14, ಪಿಸಿ-88ಎ ಜಾತಿಗೆ 280, ಸೈನೆಕ್ಸ್‌ಗೆ 7000.

ಈ ಅಂಕಿ ಕೈಗೆ ಸಿಗಬೇಕಾದರೆ ಹೀಗೆ ನೋಡಿ. ಸಮಪಾಲು ಎಣ್ಣೆ-ನೀರು, ಒಂದೇ ಸಲ ಕುಲುಕಿ 90 ಪರ್ಸೆಂಟ್ ಕೋಬಾಲ್ಟ್ ತೆಗೆದಿರಿ ಅಂದುಕೊಳ್ಳಿ. ಡಿ2ಇಎಚ್‌ಪಿಎ ಆದರೆ ಅದರ ಜೊತೆ 39 ಪರ್ಸೆಂಟ್ ನಿಕ್ಕಲ್ ಬರುತ್ತದೆ. ಪಿಸಿ-88ಎ ಆದರೆ 3 ಪರ್ಸೆಂಟ್. ಸೈನೆಕ್ಸ್ ಆದರೆ 0.13 ಪರ್ಸೆಂಟ್. ನಿಮ್ಮ ನಿಕ್ಕಲ್ 18 ಗ್ರಾಂನಲ್ಲಿ 3 ಪರ್ಸೆಂಟ್ ಅಂದರೆ ಅರ್ಧ ಗ್ರಾಂ ಮೇಲೆ, ಕೋಬಾಲ್ಟ್ 5.4 ಗ್ರಾಂ. ಹತ್ತಕ್ಕೆ ಒಂದು. ನಿಮಗೆ ಬಂದಿರುವುದು ಸರಿಯಾಗಿ ಇದೇ! ಅಂದರೆ ರೀಏಜೆಂಟ್ ತನ್ನ ಕೆಲಸ ಮಾಡಿದೆ. ಒಂದೇ ಸಲ ಕುಲುಕಿದರೆ ಅದರಿಂದ ಇಷ್ಟೇ ಸಾಧ್ಯ.

ಲ್ಯಾಂಥನಂ ಲಿಂಗಣ್ಣ:

ಕೋಬಾಲ್ಟ್-ನಿಕ್ಕಲ್ ಬೇರೆಯಾಗುತ್ತಿಲ್ಲ ಅಂತ ಅಳುವವರನ್ನು ಕಂಡರೆ ನಮಗೆ ಹೊಟ್ಟೆಕಿಚ್ಚು. 280 ಇಟ್ಟುಕೊಂಡು ಅಳುತ್ತೀರಲ್ಲ ಸ್ವಾಮಿ. ಅಪರೂಪದ ಭಸ್ಮ ಲೋಹಗಳಲ್ಲಿ, ಅಂದರೆ ರೇರ್ ಅರ್ತ್‌ನಲ್ಲಿ, ಪ್ರಸಿಯೋಡಿಮಿಯಂ ಮತ್ತು ನಿಯೋಡಿಮಿಯಂ ಮಧ್ಯೆ ಇದೇ ಪಿಸಿ-88ಎಗೆ ಸಿಗುವುದು ಸುಮಾರು 1.5.

ಮೊರದಲ್ಲಿ ಒಂದೇ ಸಲ ಕೇರಿದರೆ ಅಕ್ಕಿ, ಕಲ್ಲು ಪೂರ್ತಿ ಬೇರೆ ಆಗುತ್ತದಾ? ಇಲ್ಲೂ ಹಾಗೇ. ಎಷ್ಟು ಸಲ ಅನ್ನುವುದಕ್ಕೆ ಲೆಕ್ಕ ಇದೆ. ಎರಡೂ ಲೋಹ 99.9 ಪರ್ಸೆಂಟ್ ಶುದ್ಧ ಬೇಕು ಅಂದರೆ, ಆದರ್ಶ ಸ್ಥಿತಿಯಲ್ಲಿ ಕನಿಷ್ಠ ಹಂತಗಳು: ಫ್ಯಾಕ್ಟರ್ 280 ಇದ್ದರೆ ಎರಡೂವರೆ. 14 ಇದ್ದರೆ ಐದು ಚಿಲ್ಲರೆ. 1.5 ಇದ್ದರೆ 34. ಇದು ಬರೀ ಕನಿಷ್ಠ, ಮಾಲು ಹೊರಗೆ ತೆಗೆಯದೆ ಸುತ್ತಿಸುತ್ತಲೇ ಇದ್ದರೆ ಮಾತ್ರ. ನಿಜವಾದ ಪ್ಲಾಂಟ್‌ನಲ್ಲಿ ಅದರ ಎರಡು ಮೂರು ಪಟ್ಟು ಬೇಕು, ಹಾಗಾಗಿ ರೇರ್ ಅರ್ತ್ ಪ್ಲಾಂಟ್ ಅಂದರೆ ಕಲಸಿ ಪದರ ಬೇರೆ ಮಾಡುವ ಮಿಕ್ಸರ್-ಸೆಟ್ಲರ್ ಡಬ್ಬಿಗಳು ಸಾಲು ಸಾಲು. ಎಣ್ಣೆ ಒಂದು ತುದಿಯಿಂದ, ನೀರು ಇನ್ನೊಂದು ತುದಿಯಿಂದ. ಮೊದಲ ಸಲ ಶುರು ಮಾಡಿದಾಗ ಒಳಗಿನ ಲೋಹಗಳು ತಮ್ಮ ತಮ್ಮ ಜಾಗ ಹಿಡಿದು ನಿಲ್ಲಲು ವಾರಗಟ್ಟಲೆ ಕಾಯಬೇಕು. ಚೀನಾದ ಪೀಕಿಂಗ್ ವಿಶ್ವವಿದ್ಯಾಲಯದ ಶು ಗ್ವಾಂಗ್‌ಶಿಯನ್ 1970ರ ದಶಕದಲ್ಲಿ ಈ ಸಾಲಿನ ಲೆಕ್ಕವನ್ನೇ ಒಂದು ಥಿಯರಿಯಾಗಿ ಕಟ್ಟಿದರು. ಇವತ್ತು ಈ ವ್ಯಾಪಾರ ಚೀನಾದವರ ಕೈಯಲ್ಲಿ ಇರುವುದಕ್ಕೆ ಗಣಿಯಷ್ಟೇ ಆ ಲೆಕ್ಕವೂ ಕಾರಣ ಅಂತ ನನ್ನ ಅಭಿಪ್ರಾಯ. ನಮ್ಮಲ್ಲಿ ಕೇರಳದ ಆಲುವಾದಲ್ಲಿ 1952ರಲ್ಲೇ ರೇರ್ ಅರ್ತ್ ಇರುವ ಮೊನಾಜೈಟ್ ಮರಳಿನ ಕೆಲಸ ಶುರುವಾಗಿತ್ತು. ಮಣ್ಣು ನಮ್ಮಲ್ಲೂ ಇತ್ತು.

ಇದಕ್ಕೂ ಹಿಂದಿನವರ ಪಾಡು ಕೇಳಿ. ಎಸ್‌ಎಕ್ಸ್ ಇಲ್ಲದ ಕಾಲದಲ್ಲಿ ಕರಗಿಸು, ಹರಳು ಕಟ್ಟಿಸು, ಮತ್ತೆ ಕರಗಿಸು. ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನ ಚಾರ್ಲ್ಸ್ ಜೇಮ್ಸ್ 1911ರಲ್ಲಿ ಶುದ್ಧ ಥೂಲಿಯಂ ತೆಗೆಯಲು ಸುಮಾರು 15,000 ಸಲ ಹರಳು ಕಟ್ಟಿಸಿದ್ದರು.

ಇನ್ನೊಂದು ಉದಾಹರಣೆ ನಮ್ಮ ರಾಜ್ಯಕ್ಕೇ ಸಂಬಂಧಪಟ್ಟದ್ದು. ಕೈಗಾ ರಿಯಾಕ್ಟರ್‌ಗಳ ಇಂಧನದ ಕೊಳವೆ ಜಿರ್ಕೋನಿಯಂ ಮಿಶ್ರಲೋಹದ್ದು. ಜಿರ್ಕೋನಿಯಂ ಎಲ್ಲಿರುತ್ತದೋ ಅಲ್ಲಿ ಹಾಫ್ನಿಯಂ 2 ಪರ್ಸೆಂಟ್ ಆಸುಪಾಸು ಅಡಗಿರುತ್ತದೆ. ಎರಡರ ಅಯಾನುಗಳ ಗಾತ್ರ ಹೆಚ್ಚುಕಡಿಮೆ ಒಂದೇ. ಎಷ್ಟು ಚೆನ್ನಾಗಿ ಅಡಗಿತ್ತು ಅಂದರೆ ಜಿರ್ಕೋನಿಯಂ 1789ರಲ್ಲೇ ಸಿಕ್ಕಿದ್ದರೂ ಹಾಫ್ನಿಯಂ ಕಣ್ಣಿಗೆ ಬಿದ್ದದ್ದು 1923ರಲ್ಲಿ, ಅದೂ ಕೋಪನ್‌ಹೇಗನ್‌ನಲ್ಲಿ ಕೋಸ್ಟರ್ ಮತ್ತು ಹೆವೆಸಿ ಎಕ್ಸ್-ರೇ ಹಿಡಿದು ನೋಡಿದಾಗ. ನ್ಯೂಟ್ರಾನ್ ವಿಷಯದಲ್ಲಿ ಮಾತ್ರ ಎರಡೂ ಪೂರ್ತಿ ತದ್ವಿರುದ್ಧ. ಜಿರ್ಕೋನಿಯಂ ನ್ಯೂಟ್ರಾನ್ ಹೀರುವುದು ಬಾರ್ನ್ ಅನ್ನುವ ಅಳತೆಯಲ್ಲಿ 0.18, ಹಾಫ್ನಿಯಂ 104. ಆದ್ದರಿಂದ ರಿಯಾಕ್ಟರ್ ದರ್ಜೆಯ ಲೋಹದಲ್ಲಿ ಹಾಫ್ನಿಯಂ 100 ಪಿಪಿಎಂ ಮೀರಬಾರದು. ಹೈದರಾಬಾದಿನ ಎನ್‌ಎಫ್‌ಸಿಯಲ್ಲಿ (ನ್ಯೂಕ್ಲಿಯರ್ ಫ್ಯುಯೆಲ್ ಕಾಂಪ್ಲೆಕ್ಸ್) ನೈಟ್ರಿಕ್ ಆಸಿಡ್ ದ್ರಾವಣದಿಂದ ಟಿಬಿಪಿ ಬಳಸಿ ಜಿರ್ಕೋನಿಯಂ ಎಳೆಯುತ್ತಾರೆ, ಹಾಫ್ನಿಯಂ ನೀರಿನಲ್ಲಿ ಉಳಿಯುತ್ತದೆ. ಅಮೆರಿಕದವರು ಥಯೋಸಯನೇಟ್ ಹಾಕಿ ಎಂಐಬಿಕೆ ಅನ್ನುವ ದ್ರಾವಕದಲ್ಲಿ ಎಳೆದರೆ ಉಲ್ಟಾ, ಹಾಫ್ನಿಯಂ ಎಣ್ಣೆಗೆ ಹೋಗುತ್ತದೆ, ಜಿರ್ಕೋನಿಯಂ ಕೆಳಗೆ. ಯಾವ ಲೋಹ ಎಲ್ಲಿಗೆ ಹೋಗಬೇಕು ಅಂತ ನಿರ್ಧಾರ ಮಾಡುವುದು ಲೋಹ ಒಂದೇ ಅಲ್ಲ, ನೀರಿನಲ್ಲಿ ಜೊತೆಗೆ ಏನಿದೆ ಅನ್ನುವುದೂ ಹೌದು.

ಸುಮ್ನೆ ಓದೋನು:

ನಾನು ಈ ಫೀಲ್ಡ್‌ನವನಲ್ಲ, ಒಂದು ಪೆದ್ದು ಪ್ರಶ್ನೆ. ಎನ್‌ಎಂಸಿ ಅಂದರೆ ನಿಕ್ಕಲ್, ಮ್ಯಾಂಗನೀಸ್, ಕೋಬಾಲ್ಟ್ ಮೂರೂ ಸೇರಿದ್ದೇ ಅಲ್ವಾ? ಹಳೇ ಬ್ಯಾಟರಿಯಿಂದ ಮೂರನ್ನೂ ಕಷ್ಟಪಟ್ಟು ಬೇರೆ ಮಾಡಿ, ಹೊಸ ಬ್ಯಾಟರಿಗೆ ಮತ್ತೆ ಸೇರಿಸುವುದು ಯಾಕೆ? ಒಟ್ಟಿಗೇ ತೆಗೆದು ಒಟ್ಟಿಗೇ ಹಾಕಬಾರದಾ?

ಹಳೇ ಮಿಕ್ಸರ್:

ಪೆದ್ದು ಪ್ರಶ್ನೆ ಅಲ್ಲ, ಎಷ್ಟೋ ಕಂಪನಿಗಳು ಅದನ್ನೇ ಮಾಡಲು ನೋಡುತ್ತಿವೆ. ತೊಂದರೆ ಎರಡು. ಹಳೇ ಬ್ಯಾಟರಿಯಲ್ಲಿ ಮೂರೂ ಸಮ ಇರುವ 111 ಜಾಸ್ತಿ, ಹೊಸದರಲ್ಲಿ ನಿಕ್ಕಲ್ 8 ಪಾಲು ಇರುವ 811. ಒಟ್ಟಿಗೆ ತೆಗೆದರೆ ಹೊರಗಿನಿಂದ ನಿಕ್ಕಲ್ ತಂದು ಸೇರಿಸಬೇಕು. ಅದಾದರೂ ಆಗಬಹುದು, ಆದರೆ ಕೊಳ್ಳುವವನು ನಿಮ್ಮದೇ ಕಂಪನಿಯವನಾಗಿದ್ದರೆ ಮಾತ್ರ. ಮಾರುಕಟ್ಟೆಯಲ್ಲಿ ಮಾರುವುದಾದರೆ ಕೋಬಾಲ್ಟ್ ಸಲ್ಫೇಟ್ ಬೇರೆ, ನಿಕ್ಕಲ್ ಸಲ್ಫೇಟ್ ಬೇರೆ ಕೇಳುತ್ತಾರೆ. ಎರಡನೇದು, ಒಟ್ಟಿಗೆ ತೆಗೆದರೂ ಕ್ಯಾಲ್ಸಿಯಂ, ಮೆಗ್ನೀಷಿಯಂ, ಸತು ಇವನ್ನೆಲ್ಲ ಹೇಗೂ ತೆಗೆಯಲೇಬೇಕು. ಎಸ್‌ಎಕ್ಸ್ ತಪ್ಪಿದ್ದಲ್ಲ.

ಮೋಲಾರಿಟಿ ಮೇಡಂ:

ನನಗೆ ಅರ್ಧ ಒಪ್ಪಿಗೆ. ಸ್ವಂತ ಕ್ಯಾಥೋಡ್ ಘಟಕ ಇರುವ ಕಡೆ ಒಟ್ಟಿಗೆ ತೆಗೆಯುವುದೇ ಜಾಣತನ, ಕೋಬಾಲ್ಟ್-ನಿಕ್ಕಲ್ ಹಂತಕ್ಕೆ ಸುರಿಯುವ ಕಾಸ್ಟಿಕ್, ಆಸಿಡ್ ಪೂರ್ತಿ ಉಳಿಯುತ್ತದೆ. ಸದ್ಯ ಇವರಿಗೆ ಆ ಅನುಕೂಲ ಇಲ್ಲ.

ಕಪ್ಪುಪುಡಿ:

ಎಲ್ಲರಿಗೂ ಥ್ಯಾಂಕ್ಸ್. 40 ಪರ್ಸೆಂಟ್ ಕಾಸ್ಟಿಕ್, 5 ಪರ್ಸೆಂಟ್ ಟಿಬಿಪಿ ಹಾಕಿ ನೋಡಿದೆ. ಮೂರನೇ ಪದರ ಮಾಯ. ಎಣ್ಣೆ ಇಂಕಿನಷ್ಟು ನೀಲಿ ಆಯಿತು, ಕೆಳಗಿನ ನೀರಿನ ಪಿಎಚ್ 4.8ರಲ್ಲಿ ನಿಂತಿತು, ನೀರು ಹಸಿರು, ಆದರೆ ಇನ್ನೂ ಸ್ವಲ್ಪ ಮಂಕು ಇದೆ. ಈಗ ಪ್ರಶ್ನೆ: ನಮ್ಮಲ್ಲಿ ಮಿಕ್ಸರ್-ಸೆಟ್ಲರ್ ಇಲ್ಲ. ಫನಲ್‌ಗಳಲ್ಲೇ ಹಲವು ಹಂತ ಮಾಡಿ ತೋರಿಸಿದರೆ ಮೇಲಿನವರು ದುಡ್ಡು ಬಿಚ್ಚಬಹುದು. ಹೇಗೆ ಮಾಡಲಿ? ಎಣ್ಣೆಗೆ ಹತ್ತಿದ ನಿಕ್ಕಲ್ ಬಿಡಿಸುವುದು ಹೇಗೆ? ಬಿಸಿ ಮಾಡಿದರೆ ಸೆಪರೇಶನ್ ಚೆನ್ನಾಗಿ ಆಗುತ್ತದೆ ಅಂತಲೂ ಓದಿದೆ.

ಹಳೇ ಮಿಕ್ಸರ್:

ಬಿಸಿ ವಿಷಯ ಮೊದಲು. ಹೌದು, 50-60 ಡಿಗ್ರಿಯಲ್ಲಿ ಕೋಬಾಲ್ಟ್ ನಾಲ್ಕರ ಆಕಾರಕ್ಕೆ ಇನ್ನೂ ಸುಲಭವಾಗಿ ಬರುತ್ತದೆ, ಫ್ಯಾಕ್ಟರ್ ಏರುತ್ತದೆ, ಪದರಗಳೂ ಬೇಗ ಬೇರೆಯಾಗುತ್ತವೆ. ಆದರೆ ನೀವು ಬಳಸುತ್ತಿರುವುದು ಸಾಮಾನ್ಯ ಸೀಮೆಎಣ್ಣೆ ಆದರೆ ಅದರ ಫ್ಲ್ಯಾಷ್ ಪಾಯಿಂಟ್ (ಕಿಡಿ ತಾಗಿದರೆ ಆವಿ ಹೊತ್ತಿಕೊಳ್ಳುವ ಉಷ್ಣತೆ) 40 ಡಿಗ್ರಿ ಆಸುಪಾಸು. ಅದನ್ನು 50ಕ್ಕೆ ಬಿಸಿ ಮಾಡಿ ಮುಚ್ಚಿದ ಫನಲ್‌ನಲ್ಲಿ ಕುಲುಕುವುದು ಅಂದರೆ ಬೆಂಕಿಗೆ ಆಹ್ವಾನ. ಹೈ ಫ್ಲ್ಯಾಷ್ ಡೈಲ್ಯುಯೆಂಟ್ ತರಿಸುವವರೆಗೆ ರೂಮ್ ಟೆಂಪರೇಚರ್‌ನಲ್ಲೇ ಮಾಡಿ.

ಈಗ ಫನಲ್ ಆಟ. ಮೂರು ಫನಲ್ ಸಾಲಾಗಿ ನಿಲ್ಲಿಸಿ. ಹೊಸ ದ್ರಾವಣ ಎಡಗಡೆ ಒಂದನೇ ಫನಲ್‌ಗೆ ಬರುತ್ತದೆ, ಅಲ್ಲಿಂದ ಎರಡು, ಮೂರು ಅಂತ ಬಲಕ್ಕೆ ಹೋಗುತ್ತದೆ. ಹೊಸ ಎಣ್ಣೆ ಬಲಗಡೆ ಮೂರನೇದಕ್ಕೆ ಬಂದು ಎಡಕ್ಕೆ ನಡೆಯುತ್ತದೆ. ಪ್ರತಿ ಸುತ್ತಿನಲ್ಲಿ ಮೂರನ್ನೂ ಕುಲುಕಿ, ನಿಲ್ಲಿಸಿ, ಕೆಳಗಿನದನ್ನು ಒಂದು ಮನೆ ಬಲಕ್ಕೆ, ಮೇಲಿನದನ್ನು ಒಂದು ಮನೆ ಎಡಕ್ಕೆ ದಾಟಿಸಿ. ಮೊದಲ ಕೆಲವು ಸುತ್ತಿನ ಮಾಲನ್ನು ನಂಬಬೇಡಿ. ಹೊರಗೆ ಬರುವ ನೀರಿನಲ್ಲಿ ಕೋಬಾಲ್ಟ್ ಅಂಕಿ ಬದಲಾಗದೆ ನಿಂತ ಮೇಲೆ ಸ್ಯಾಂಪಲ್ ತೆಗೆಯಿರಿ. ಇದರಲ್ಲಿ ಒಂದು ಸೊಗಸು ಇದೆ: ಹೊರಗೆ ಹೋಗುವ ಎಣ್ಣೆ ಕೊನೆಗೆ ಭೇಟಿಯಾಗುವುದು ಅತಿ ಹೆಚ್ಚು ಕೋಬಾಲ್ಟ್ ಇರುವ ಹೊಸ ದ್ರಾವಣವನ್ನು. ಜಾಗ ಕಮ್ಮಿ ಇರುವ ಎಣ್ಣೆಯಲ್ಲಿ ಕೋಬಾಲ್ಟ್ ನೂಕಿಕೊಂಡು ಬಂದು ನಿಕ್ಕಲನ್ನು ಎಬ್ಬಿಸಿ ಕಳಿಸುತ್ತದೆ. ಕಾಸ್ಟಿಕ್ ಲೆಕ್ಕವನ್ನು ಕೋಬಾಲ್ಟಿಗೆ ಸರಿಯಾಗಿ ಸಾಕಾಗುವಷ್ಟೇ ಇಡಬೇಕಾದದ್ದು ಅದಕ್ಕೇ.

ಉಳಿದ ನಿಕ್ಕಲ್‌ಗೆ ಸ್ಕ್ರಬ್ಬಿಂಗ್. ಸ್ಟ್ರಿಪ್ ಮಾಡಿ ಬಂದ ಕೋಬಾಲ್ಟ್ ಸಲ್ಫೇಟ್‌ನಲ್ಲಿ ಸ್ವಲ್ಪ ತೆಗೆದು, ನೀರು ಬೆರೆಸಿ, ಪಿಎಚ್ 4ಕ್ಕೆ ಹೊಂದಿಸಿ, ನೀಲಿ ಎಣ್ಣೆ ಹತ್ತು ಪಾಲಿಗೆ ಇದು ಒಂದು ಪಾಲು ಹಾಕಿ ಎರಡು ಸಲ ತೊಳೆಯಿರಿ. ಎಣ್ಣೆಯಲ್ಲಿರುವ ನಿಕ್ಕಲ್ ನೀರಿಗೆ ಬರುತ್ತದೆ, ಆ ಜಾಗಕ್ಕೆ ಕೋಬಾಲ್ಟ್ ಹೋಗುತ್ತದೆ. ತೊಳೆದ ನೀರನ್ನು ಚೆಲ್ಲಬೇಡಿ, ಅದರಲ್ಲಿ ಕೋಬಾಲ್ಟ್ ಇದೆ, ಮೊದಲಿನ ದ್ರಾವಣಕ್ಕೇ ವಾಪಸ್ ಸೇರಿಸಿ. ಈ ಹಂತ ಸರಿ ಇದ್ದರೆ ಪಿಸಿ-88ಎಯಲ್ಲೇ ಮಾರುವ ದರ್ಜೆ ಬರುತ್ತದೆ, ಸೈನೆಕ್ಸ್ ಬೇಕೇಬೇಕು ಅಂತೇನಿಲ್ಲ.

ಸ್ಟ್ರಿಪ್ಪಿಂಗ್‌ಗೆ ಲೀಟರಿಗೆ 100 ಗ್ರಾಂ ಸಲ್ಫ್ಯೂರಿಕ್ ಆಸಿಡ್, ಎಣ್ಣೆ ಹತ್ತು ಪಾಲು, ಆಸಿಡ್ ಒಂದು ಪಾಲು. ಎಣ್ಣೆಯಲ್ಲಿ 6 ಗ್ರಾಂ ಇದ್ದದ್ದು ನೀರಿನಲ್ಲಿ 60 ಗ್ರಾಂ ಆಗುತ್ತದೆ, ಆಸಿಡ್ ಹೆಚ್ಚುಕಡಿಮೆ ಅಷ್ಟಕ್ಕೇ ಖರ್ಚಾಗುತ್ತದೆ. ನೇರ ಹರಳು ಕಟ್ಟಿಸಲು ಕಳಿಸಬಹುದು. ಇದನ್ನೂ ಎರಡು ಹಂತದಲ್ಲಿ, ಎದುರುಬದುರಾಗಿ ಮಾಡಿ. ಒಂದೇ ಹಂತದಲ್ಲಿ ಮಾಡಿದರೆ ಎಣ್ಣೆಯಲ್ಲಿ ನೀಲಿ ಉಳಿದೇ ಉಳಿಯುತ್ತದೆ.

ಮುಂದೆ ಪ್ಲಾಂಟ್ ಹಾಕುವಾಗ ಇನ್ನೊಂದು ನೆನಪಿಡಿ. ಕೋಬಾಲ್ಟ್ ಹೊತ್ತ ಎಣ್ಣೆ ಗಾಳಿ ತಾಗಿಕೊಂಡು ತಿಂಗಳುಗಟ್ಟಲೆ ಸುತ್ತಿದರೆ ಕೋಬಾಲ್ಟೇ ಸೀಮೆಎಣ್ಣೆಯನ್ನು ಆಕ್ಸಿಡೈಸ್ ಮಾಡುತ್ತದೆ. ಅದರಿಂದ ಹುಟ್ಟುವ ಕಾರ್ಬಾಕ್ಸಿಲಿಕ್ ಆಸಿಡ್‌ಗಳು ನಿಕ್ಕಲನ್ನೂ ಹಿಡಿಯುತ್ತವೆ, ನಿಧಾನಕ್ಕೆ ಸೆಪರೇಶನ್ ಕೆಡುತ್ತದೆ, ಯಾಕೆ ಅಂತ ಯಾರಿಗೂ ಗೊತ್ತಾಗುವುದಿಲ್ಲ. ಸ್ವಲ್ಪ ಬಿಎಚ್‌ಟಿ ಅನ್ನುವ ಆ್ಯಂಟಿ-ಆಕ್ಸಿಡೆಂಟ್ ಹಾಕಿ ಇದನ್ನು ತಡೆಯುತ್ತಾರೆ.

ಮೋಲಾರಿಟಿ ಮೇಡಂ:

ಮೇಲಿನವರಿಗೆ ತೋರಿಸುವ ಲೆಕ್ಕದಲ್ಲಿ ಒಂದು ಸಾಲು ಸೇರಿಸಿ: ಸೋಡಿಯಂ. ಎಣ್ಣೆಗೆ ಹಾಕಿದ ಕಾಸ್ಟಿಕ್‌ನ ಸೋಡಿಯಂ ಎಲ್ಲವೂ ಕೋಬಾಲ್ಟಿನ ಬದಲಿಗೆ ನೀರಿಗೆ ಬರುತ್ತದೆ. ಲೀಟರ್ ದ್ರಾವಣಕ್ಕೆ 14 ಗ್ರಾಂ ಸೋಡಿಯಂ ಸಲ್ಫೇಟ್ ಅಂತ ಇಟ್ಟುಕೊಳ್ಳಿ. ನಿಕ್ಕಲ್, ಲಿಥಿಯಂ ಎರಡನ್ನೂ ಅದರ ಮಧ್ಯದಿಂದಲೇ ತೆಗೆಯಬೇಕು, ಕೊನೆಗೆ ಆ ಉಪ್ಪು ನೀರನ್ನು ಆವಿ ಮಾಡಬೇಕು. ಎಸ್‌ಎಕ್ಸ್ ರೀಏಜೆಂಟ್ ಬೆಲೆ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಅದು ಸುತ್ತುತ್ತಲೇ ಇರುತ್ತದೆ, ಖಾಲಿಯಾಗುವುದು ಕಮ್ಮಿ. ನಿಜವಾಗಿ ದಿನಾ ದುಡ್ಡು ತಿನ್ನುವುದು ಕಾಸ್ಟಿಕ್, ಆಸಿಡ್ ಮತ್ತು ಈ ಉಪ್ಪು. ಕಾಸ್ಟಿಕ್ ಬದಲು ಅಮೋನಿಯಾ ಹಾಕಿ ಅಂತ ಯಾರಾದರೂ ಹೇಳಿದರೆ, ನಿಕ್ಕಲ್ ಅಮೋನಿಯಾ ಜೊತೆ ಕಾಂಪ್ಲೆಕ್ಸ್ ಕಟ್ಟಿಕೊಂಡು ತ್ಯಾಜ್ಯ ನೀರಿನಲ್ಲಿ ಹಟ ಹಿಡಿಯುತ್ತದೆ ಅನ್ನುವುದನ್ನೂ ಕೇಳಿ. ದೊಡ್ಡ ಪ್ಲಾಂಟ್‌ಗಳಲ್ಲಿ ಸೋಡಿಯಂ ಇರುವ ಎಣ್ಣೆಗೆ ಮೊದಲು ಪ್ರತ್ಯೇಕವಾಗಿ ನಿಕ್ಕಲ್ ತುಂಬಿಸಿ, ಆ ನಿಕ್ಕಲ್ ಎಣ್ಣೆಯನ್ನು ಕೋಬಾಲ್ಟ್ ಎಳೆಯಲು ಕಳಿಸುವ ಪದ್ಧತಿ ಇದೆ. ಆಗ ಮುಖ್ಯ ದ್ರಾವಣಕ್ಕೆ ಸೋಡಿಯಂ ಬದಲು ನಿಕ್ಕಲ್ಲೇ ಬರುತ್ತದೆ.

ಕಪ್ಪುಪುಡಿ:

ಫನಲ್ ಸಾಲು ನಿಲ್ಲಿಸಿದ್ದೇನೆ. ಸ್ಕ್ರಬ್ ಮಾಡಿದ ಮೇಲೆ ಕೋಬಾಲ್ಟ್ ಸಲ್ಫೇಟ್‌ನಲ್ಲಿ ನಿಕ್ಕಲ್ ನಿಜವಾಗಿಯೂ ಬಹಳ ಇಳಿಯಿತು. ಈಗ ಐಸಿಪಿ (ಲೋಹಗಳ ಪ್ರಮಾಣ ಅಳೆಯುವ ಯಂತ್ರ) ರಿಪೋರ್ಟ್‌ನಲ್ಲಿ ಹೊಸ ಅತಿಥಿ: ಮೆಗ್ನೀಷಿಯಂ. ಮೊದಲು ನೋಡೇ ಇರಲಿಲ್ಲ. ಸೋಡಿಯಂ ಫ್ಲೋರೈಡ್ ಹಾಕಿ ಕೂರಿಸಿ ಅಂತ ಒಬ್ಬರು ಹೇಳಿದರು. ಶುರುವಿನ ದ್ರಾವಣಕ್ಕೇ ಹಾಕಿಬಿಡಲಾ?

ಹಳೇ ಮಿಕ್ಸರ್:

ಬೇಡ. ಶುರುವಿನ ದ್ರಾವಣದಲ್ಲಿ ಲಿಥಿಯಂ 3 ಗ್ರಾಂ ಮೇಲಿದೆ ಅಂದಿರಿ. ಲಿಥಿಯಂ ಫ್ಲೋರೈಡ್ ನೀರಿನಲ್ಲಿ ಕರಗುವುದೇ ಲೀಟರಿಗೆ ಗ್ರಾಂ ಚಿಲ್ಲರೆ. ಮೆಗ್ನೀಷಿಯಂ ತೆಗೆಯಲು ಹೋಗಿ ಲಿಥಿಯಂ ಕಳೆದುಕೊಳ್ಳುತ್ತೀರಿ. ಮೊದಲು ಎಣ್ಣೆಯನ್ನು ಕೋಬಾಲ್ಟಿನಿಂದ ಇನ್ನೂ ಬಿಗಿಯಾಗಿ ತುಂಬಿಸಿ, ಸ್ಕ್ರಬ್ ಒಂದು ಹಂತ ಜಾಸ್ತಿ ಮಾಡಿ, ಮೆಗ್ನೀಷಿಯಂನಲ್ಲಿ ಒಂದಷ್ಟು ಅಲ್ಲೇ ಹೊರಗೆ ಬೀಳುತ್ತದೆ. ಆಮೇಲೂ ಉಳಿದರೆ ಸ್ಟ್ರಿಪ್ ಆದ ಕೋಬಾಲ್ಟ್ ಸಲ್ಫೇಟ್‌ನಲ್ಲಿ ಫ್ಲೋರೈಡ್ ಹಾಕಿ, ಅಲ್ಲಿ ಲಿಥಿಯಂ ಇರುವುದಿಲ್ಲ. ಆದರೆ ಅದರಲ್ಲಿ ಸ್ವಲ್ಪ ಆಸಿಡ್ ಉಳಿದಿರುತ್ತದೆ. ಆಸಿಡ್ ಇರುವಾಗಲೇ ಫ್ಲೋರೈಡ್ ಸುರಿದರೆ ಹೈಡ್ರೋಫ್ಲೋರಿಕ್ ಆಸಿಡ್ ಹುಟ್ಟುತ್ತದೆ, ಅದು ಗಾಜನ್ನೂ ಬಿಡುವುದಿಲ್ಲ, ಮೂಳೆಯನ್ನೂ ಬಿಡುವುದಿಲ್ಲ. ಕೋಬಾಲ್ಟ್ ಕಾರ್ಬೊನೇಟ್ ಹಾಕಿ ಪಿಎಚ್ 5ಕ್ಕೆ ತಂದು, ಮೀಟರ್‌ನಲ್ಲಿ ನೋಡಿ, ಆಮೇಲೆ ಪ್ಲಾಸ್ಟಿಕ್ ಪಾತ್ರೆಯಲ್ಲಿ, ಫ್ಯೂಮ್ ಹುಡ್ ಒಳಗೆ ಮಾಡಿ. ಆ ಆಸಿಡ್ ಮೈಗೆ ತಾಗಿದರೆ ಹಚ್ಚುವ ಕ್ಯಾಲ್ಸಿಯಂ ಗ್ಲೂಕೋನೇಟ್ ಜೆಲ್ ಲ್ಯಾಬ್‌ನಲ್ಲಿ ಇದೆಯಾ ಅಂತ ಮೊದಲು ವಿಚಾರಿಸಿ. ಇಲ್ಲ ಅಂದರೆ ಅದು ಬರುವವರೆಗೆ ಫ್ಲೋರೈಡ್ ಡಬ್ಬಿ ತೆರೆಯಬೇಡಿ.